ಫುಟ್‌ಬಾಲ್ ಪ್ರಶ್ನೋತ್ತರ: ಛೆಟ್ರಿಯವರ ಜಾಗಕ್ಕೆ ಯಾರು?

2025ರ ಅಕ್ಟೋಬರ್‌ನಲ್ಲಿ ಸಿಂಗಪುರದ ಎದುರು ಸೋತು ಭಾರತವು 2027ರ ಏಷ್ಯನ್ ಕಪ್‌ನ ಅವಕಾಶ ಕಳೆದುಕೊಂಡ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಭಾರತದ ಹಿರಿಯ ಸ್ಟ್ರೈಕರ್ (ಗೋಲು ಹೊಡೆಯುವ ಮುಂಚೂಣಿ ಆಟಗಾರ) ಸುನಿಲ್ ಛೆಟ್ರಿ ಮತ್ತು ರಾಷ್ಟ್ರೀಯ ತಂಡದ ಕೋಚ್‌ಗಳ ಕುರಿತೇ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ದೀರ್ಘವಾದವನ್ನು ಮೊಟಕುಗೊಳಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಒಮ್ಮೆ ನಿವೃತ್ತರಾದ ಛೆಟ್ರಿಯವರನ್ನು ಮತ್ತೆ ರಾಷ್ಟ್ರೀಯ ತಂಡಕ್ಕೆ ಕರೆದದ್ದು ಎಷ್ಟು ಸರಿ? ನೂರನಲವತ್ತು ಕೋಟಿ ಜನರಿರುವ ದೇಶದಲ್ಲಿ ನಲವತ್ತು ದಾಟಿದವರನ್ನು ಬಿಟ್ಟರೆ ಗೋಲು ಹೊಡೆಯುವವರೇ ಇಲ್ಲವೇ? ಕೋಲ್ಕತ್ತದಲ್ಲಿ ಕಣ್ಣೀರಿನೊಂದಿಗೆ ಹೊರನಡೆದದ್ದೇ ಅವರಿಗೆ ಶೋಭಿಸುವ ಕೊನೆಯಾಗಿತ್ತು ಎಂಬುದು ನನ್ನ ಅನಿಸಿಕೆ.
(ಕಾಲೇಜು ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಆದರೆ ಅದು ಅರ್ಧದಷ್ಟೇ ಸರಿಯಾದ ಕಡೆಗೆ ತಿರುಗಿದೆ. 2024ರ ಜೂನ್ 6ರಂದು ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಕುವೈತ್ ವಿರುದ್ಧದ ವಿಶ್ವಕಪ್ ಅರ್ಹತಾ ಪಂದ್ಯ ಗೋಲಿಲ್ಲದೆ ಡ್ರಾ ಆಯಿತು. ವಿದಾಯವೇನೋ ಭಾವಪೂರ್ಣವಾಗಿತ್ತು, ತಂಡಕ್ಕೆ ಬೇಕಾಗಿದ್ದ ಗೆಲುವು ಮಾತ್ರ ಸಿಗಲಿಲ್ಲ. ಐದು ದಿನಗಳ ನಂತರ ದೋಹಾದಲ್ಲಿ, ಗೆರೆ ದಾಟಿ ಹೊರಹೋಗಿದ್ದ ಚೆಂಡನ್ನು ಕತಾರ್ ಆಟಗಾರರು ಒಳಗೆಳೆದು ಹೊಡೆದ ಗೋಲನ್ನು ರೆಫರಿ ಮಾನ್ಯ ಮಾಡಿದರು. ಭಾರತ ಕತಾರ್‌ಗೆ 1–2ರಿಂದ ಸೋತು ವಿಶ್ವಕಪ್ ಅರ್ಹತಾ ಸುತ್ತಿನಿಂದ ಹೊರಬಿತ್ತು. ಆ ಅನ್ಯಾಯದ ಬಗ್ಗೆ ನಾವೆಲ್ಲರೂ ವಾರಗಟ್ಟಲೆ ಮಾತನಾಡಿದೆವು. 2024ರಲ್ಲಿ ಭಾರತ ಒಂದೇ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ ಎಂಬುದರ ಬಗ್ಗೆ ಅಷ್ಟು ಮಾತನಾಡಲಿಲ್ಲ. ಆಡಿದ 11 ಪಂದ್ಯಗಳಲ್ಲಿ ಆರು ಸೋಲು, ಐದು ಡ್ರಾ. ಹೊಡೆದ ಗೋಲುಗಳು ಒಟ್ಟು ನಾಲ್ಕು. ಆ ನಾಲ್ಕರಲ್ಲಿ ಒಂದು, ಗುವಾಹಟಿಯಲ್ಲಿ ಅಫ್ಗಾನಿಸ್ತಾನದ ವಿರುದ್ಧ ಛೆಟ್ರಿಯವರೇ ತಮ್ಮ 150ನೇ ಪಂದ್ಯದಲ್ಲಿ ಪೆನಾಲ್ಟಿಯಿಂದ ಗಳಿಸಿದ್ದು. ಇನ್ನೊಂದು ಡಿಫೆಂಡರ್ ರಾಹುಲ್ ಭೆಕೆ ಅವರದು.

ಇಂಥ ತಂಡವನ್ನು ವಹಿಸಿಕೊಂಡ ಮನೋಲೊ ಮಾರ್ಕೆಜ್ ಅವರ ಮುಂದೆ 2025ರ ಮಾರ್ಚ್‌ನಲ್ಲಿ ಇದ್ದ ಲೆಕ್ಕ ಬಹಳ ಸರಳವಾಗಿತ್ತು. ಆ ಋತುವಿನ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಭಾರತೀಯರ ಪೈಕಿ ಅತಿ ಹೆಚ್ಚು ಗೋಲು ಹೊಡೆಯುತ್ತಿದ್ದವರು ಬೆಂಗಳೂರು ಎಫ್‌ಸಿಯ ಛೆಟ್ರಿ. ಋತು ಮುಗಿಯುವ ಹೊತ್ತಿಗೆ ಅವರ ಖಾತೆಯಲ್ಲಿ 14 ಗೋಲುಗಳಿದ್ದವು. ಸ್ವಾರಸ್ಯವೆಂದರೆ, ಬೆಂಗಳೂರು ಮೊದಲ ಬಾರಿಗೆ ಐಎಸ್‌ಎಲ್ ಆಡಿದ 2017–18ರಲ್ಲಿ, ಮೂವತ್ಮೂರರ ಹರೆಯದಲ್ಲಿ ಅವರು ಹೊಡೆದಿದ್ದೂ ಅಷ್ಟೇ ಗೋಲುಗಳನ್ನು. ಲೀಗ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆಯುತ್ತಿರುವ ಭಾರತೀಯನನ್ನು ಜನ್ಮದಿನಾಂಕ ನೋಡಿ ಬಿಡುವ ಕೋಚ್ ತನ್ನ ಕೆಲಸ ಮಾಡಿದಂತಾಗುವುದಿಲ್ಲ. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ಭಾರತ 3–0ಯಿಂದ ಗೆದ್ದಾಗ ಮೂರನೇ ಗೋಲು ಛೆಟ್ರಿಯವರದೇ ಆಗಿತ್ತು. 2023ರ ನವೆಂಬರ್ ನಂತರ ಭಾರತಕ್ಕೆ ಬಂದ ಮೊದಲ ಗೆಲುವು ಅದು. ಹೀಗಾಗಿ ಮಾರ್ಚ್‌ನ ಕರೆಯನ್ನು ನಾನು ಸಮರ್ಥಿಸುತ್ತೇನೆ.

ಅಕ್ಟೋಬರ್‌ನ ಕರೆಯ ವಿಷಯ ಬೇರೆ. ಆಗಸ್ಟ್‌ನಲ್ಲಿ ಕೋಚ್ ಆದ ಖಾಲಿದ್ ಜಮೀಲ್ ಮಧ್ಯ ಏಷ್ಯಾದ ನೇಷನ್ಸ್ ಕಪ್‌ಗೆ ಛೆಟ್ರಿಯವರನ್ನು ಕರೆದೊಯ್ಯಲಿಲ್ಲ; ಅವರಿಲ್ಲದ ತಂಡ ತಜಕಿಸ್ತಾನವನ್ನು ಸೋಲಿಸಿ, ಒಮಾನ್ ವಿರುದ್ಧ ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದು ಮೂರನೇ ಸ್ಥಾನದೊಂದಿಗೆ ಮರಳಿತು. ಅದಾದ ಮೇಲೆ ಸಿಂಗಪುರದ ಎದುರಿನ ಎರಡು ಪಂದ್ಯಗಳಿಗೆ ಅವರನ್ನು ಮತ್ತೆ ಕರೆಯಲಾಯಿತು. ಆ ಹೊತ್ತಿಗೆ ಐಎಸ್‌ಎಲ್ ಋತು ಆರಂಭವೇ ಆಗಿರಲಿಲ್ಲ. ಮಾರ್ಚ್‌ನಲ್ಲಿ ಅವರ ಪರವಾಗಿದ್ದ ಒಂದೇ ಬಲವಾದ ಸಾಕ್ಷಿಯೆಂದರೆ ಲೀಗ್‌ನ ಗೋಲುಗಳು. ಅಕ್ಟೋಬರ್‌ನಲ್ಲಿ ಅಂಥ ಸಾಕ್ಷಿ ಇರಲಿಲ್ಲ, ಹೆಸರೊಂದೇ ಇತ್ತು. ಮೊದಲ ಪಂದ್ಯ 1–1ರಲ್ಲಿ ಮುಗಿಯಿತು. ಸಮಬಲದ ಗೋಲನ್ನು ಕೊನೆಯ ಗಳಿಗೆಯಲ್ಲಿ ಹೊಡೆದವರು ರಹೀಮ್ ಅಲಿ. ಗೋವಾದ ಫಾತೋರ್ಡಾದಲ್ಲಿ ನಡೆದ ಎರಡನೇ ಪಂದ್ಯವನ್ನು ಭಾರತ 1–2ರಿಂದ ಸೋತಿತು. ವಯಸ್ಸಿನ ಆಟಗಾರನನ್ನು ಇಟ್ಟುಕೊಳ್ಳಲು ಒಮ್ಮೆ ಸಿಕ್ಕ ಕಾರಣ ಆರು ತಿಂಗಳ ನಂತರವೂ ತಾನಾಗಿಯೇ ಉಳಿಯುವುದಿಲ್ಲ. ಇವೆರಡೂ ಕರೆಗಳನ್ನು ಒಂದೇ ಎಂದು ಭಾವಿಸಿ ಅಭಿಮಾನಿಗಳು ಪರವಾಗಿಯೋ ವಿರೋಧವಾಗಿಯೋ ವಾದಿಸುತ್ತಿರುವುದರಿಂದಲೇ ಚರ್ಚೆ ಎಲ್ಲಿಗೂ ಮುಟ್ಟುತ್ತಿಲ್ಲ.

ಪ್ರಶ್ನೆ: ಛೆಟ್ರಿಯವರ ನಂತರ ಭಾರತಕ್ಕೆ ಒಬ್ಬ ನಿಜವಾದ ಸ್ಟ್ರೈಕರ್ ಏಕೆ ಸಿಗಲಿಲ್ಲ? ಹುಡುಗರಲ್ಲಿ ಹಸಿವಿಲ್ಲ, ಹಣ ಬೇಗ ಬಂದುಬಿಡುತ್ತದೆ ಎಂದು ನಮ್ಮ ಸ್ನೇಹಿತರು ಹೇಳುತ್ತಾರೆ.
(ಖಾಸಗಿ ಉದ್ಯೋಗಿ, ಮಂಗಳೂರು)

ಉತ್ತರ: ಹಸಿವಿನ ಮಾತು ಹೇಳುವುದಕ್ಕೆ ಸುಲಭ, ಅಳೆಯುವುದಕ್ಕೆ ಸಾಧ್ಯವಿಲ್ಲ. ಅಳೆಯಬಹುದಾದ ಸಂಗತಿಯೊಂದನ್ನು ನೋಡೋಣ. 2014ರಿಂದ 2024–25ರವರೆಗೆ ನಡೆದ ಐಎಸ್‌ಎಲ್‌ನ 11 ಋತುಗಳಲ್ಲಿ ಅತಿ ಹೆಚ್ಚು ಗೋಲು ಹೊಡೆದು ಗೋಲ್ಡನ್ ಬೂಟ್ ಪಡೆದವರಲ್ಲಿ ಒಬ್ಬ ಭಾರತೀಯನೂ ಇಲ್ಲ. ಎಲಾನೊ, ಮೆಂಡೋಜಾ, ಮಾರ್ಸೆಲಿನೊ, ಎರಡು ಬಾರಿ ಕೊರೊ, ವಾಲ್ಸ್‌ಕಿಸ್, ಅಂಗುಲೊ, ಒಗ್ಬೆಚೆ, ಡಿಯೆಗೊ ಮೌರಿಸಿಯೊ, ಡಿಯಾಮಂಟಕೋಸ್, ಕೊನೆಗೆ ಅಲಾಎದ್ದೀನ್ ಅಜಾರೈ, ಹೀಗೆ ಸಾಗುತ್ತದೆ ಆ ಪಟ್ಟಿ. ಇವರೆಲ್ಲರೂ ಒಳ್ಳೆಯ ಆಟಗಾರರು, ನಮ್ಮ ಕ್ರೀಡಾಂಗಣಗಳಿಗೆ ಜನರನ್ನು ಕರೆತಂದವರು. ಆದರೆ ಕ್ಲಬ್ಬಿನ ಮಾಲೀಕರು ವಿದೇಶಿ ಆಟಗಾರನಿಗೆ ಹಣ ಕೊಡುವಾಗ ಮೊದಲು ಕೊಳ್ಳುವುದು ಗೋಲನ್ನು, ಆಮೇಲೆ ಗೋಲು ತಡೆಯುವವನನ್ನು. ಹಾಗಾಗಿ ತಂಡದ ಮುಂದಿನ ತುದಿಯೂ ಹಿಂದಿನ ನಡುಭಾಗವೂ ಹೊರಗಿನವರ ಪಾಲಾಗಿ, ನಮ್ಮ ಹುಡುಗರಿಗೆ ಎಡ-ಬಲದ ಅಂಚುಗಳು ಉಳಿದವು. ಲೀಗ್ ಆರಂಭವಾದಾಗ ಮೈದಾನದಲ್ಲಿ ಏಕಕಾಲಕ್ಕೆ ಆರು ಮಂದಿ ವಿದೇಶಿಯರು ಆಡಬಹುದಾಗಿತ್ತು. 2017–18ರಲ್ಲಿ ಅದು ಐದಕ್ಕೆ, 2021–22ರಲ್ಲಿ ನಾಲ್ಕಕ್ಕೆ ಇಳಿಯಿತು. ಸಂಖ್ಯೆ ಇಳಿದರೂ ಸ್ಟ್ರೈಕರ್‌ನ ಜಾಗ ಮಾತ್ರ ಬಹುತೇಕ ತಂಡಗಳಲ್ಲಿ ತೆರವಾಗಲಿಲ್ಲ.

ಮನ್ವೀರ್ ಸಿಂಗ್ ಅವರನ್ನೇ ನೋಡಿ. ಮೋಹನ್ ಬಾಗನ್‌ನಲ್ಲಿ ಅವರು ವರ್ಷವಿಡೀ ಬಲ ಅಂಚಿನಲ್ಲಿ ಓಡಿ ಚೆಂಡನ್ನು ನಡುವಿಗೆ ಕಳಿಸುವ ಕೆಲಸ ಮಾಡುತ್ತಾರೆ. ರಾಷ್ಟ್ರೀಯ ತಂಡಕ್ಕೆ ಬಂದೊಡನೆ ಅವರನ್ನು ನಟ್ಟನಡುವೆ ನಿಲ್ಲಿಸಿ, ಗೋಲಿಗೆ ಬೆನ್ನು ಮಾಡಿ ಚೆಂಡು ತಡೆದುಕೊಳ್ಳಿ ಎಂದು ಹೇಳಲಾಗುತ್ತದೆ. ಹತ್ತು ದಿನದ ಶಿಬಿರದಲ್ಲಿ ಕಲಿಯುವ ವಿದ್ಯೆ ಅದಲ್ಲ. ಛೆಟ್ರಿಯವರ ಮಟ್ಟದ ಆಟಗಾರ ಕೂಡ ಬೆಂಗಳೂರಿನ ಆರಂಭದ ಐಎಸ್‌ಎಲ್ ಋತುಗಳಲ್ಲಿ ಹೆಚ್ಚಾಗಿ ಎಡಗಡೆ ಆಡಿದರು, ಏಕೆಂದರೆ ನಡುವಿನ ಜಾಗ ವೆನೆಜುವೆಲಾದ ಮಿಕು ಅವರದಾಗಿತ್ತು. ಅಷ್ಟು ಹೊತ್ತಿಗೆ ಛೆಟ್ರಿಯವರ ಆಟ ಪಕ್ವವಾಗಿತ್ತು, ಅಂಚಿನಿಂದಲೂ ಅವರು ಗೋಲಿನ ಬಾಯಿಗೆ ಬಂದು ನಿಲ್ಲಬಲ್ಲವರಾಗಿದ್ದರು. ಇಪ್ಪತ್ತು ವರ್ಷದ ಹುಡುಗನಿಂದ ಅದನ್ನೇ ನಿರೀಕ್ಷಿಸಿದರೆ ಅವನು ಒಳ್ಳೆಯ ವಿಂಗರ್ ಆಗಿಬಿಡುತ್ತಾನೆ, ಅಷ್ಟೇ.

ಆದ್ದರಿಂದ ಛೆಟ್ರಿಯವರು ಎಳೆಯರ ದಾರಿಗೆ ಅಡ್ಡ ನಿಂತಿದ್ದಾರೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. 2005ರಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಮೊದಲ ಪಂದ್ಯ ಆಡಿ ಮೊದಲ ಗೋಲು ಹೊಡೆದಾಗಿನಿಂದ ಅವರು 95 ಅಂತರರಾಷ್ಟ್ರೀಯ ಗೋಲುಗಳನ್ನು ಗಳಿಸಿದ್ದಾರೆ. ಆ ಅಂಕಿಯ ನೆರಳಿನಲ್ಲಿ ಫೆಡರೇಷನ್ ಮತ್ತು ಕ್ಲಬ್‌ಗಳು ಎರಡೂ ನೆಮ್ಮದಿಯಾಗಿ ಕುಳಿತಿದ್ದವು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂಬಂತೆ ಪ್ರತಿ ಟೂರ್ನಿಯಲ್ಲೂ ಅವರ ಒಂದೆರಡು ಗೋಲುಗಳಿಂದ ಪಾರಾಗಿ, ಮುಂದಿನದನ್ನು ಮುಂದೆ ನೋಡೋಣ ಎಂದುಕೊಂಡವು.

ಪ್ರಶ್ನೆ: 2022–23ರಲ್ಲಿ ಬೆಂಗಳೂರು ಎಫ್‌ಸಿಯ ಆಗಿನ ಕೋಚ್ ಸೈಮನ್ ಗ್ರೇಸನ್ ಛೆಟ್ರಿಯವರನ್ನು ಬೆಂಚಿನಲ್ಲಿ ಕೂರಿಸಿದಾಗ ಕಂಠೀರವದಲ್ಲಿ ನಾವು ಬಹಳ ಬೇಸರಪಟ್ಟಿದ್ದೆವು. ಆಮೇಲೆ 2024–25ರಲ್ಲಿ ಅವರು ಹೊಡೆದ 14 ಗೋಲುಗಳು ಗ್ರೇಸನ್ ಮಾಡಿದ್ದು ತಪ್ಪು ಎಂದು ತೋರಿಸಲಿಲ್ಲವೇ?
(ಬೆಂಗಳೂರು ಎಫ್‌ಸಿ ಅಭಿಮಾನಿ, ಹುಬ್ಬಳ್ಳಿ)

ಉತ್ತರ: ಇಲ್ಲ. ನನ್ನ ದೃಷ್ಟಿಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಭಾರತದಲ್ಲಿ ಹಿರಿಯ ಆಟಗಾರನೊಬ್ಬನನ್ನು ಅತ್ಯಂತ ಜಾಣತನದಿಂದ ಬಳಸಿಕೊಂಡ ಋತು ಅದೇ. ಗ್ರೇಸನ್ ಅವರು ಶಿವಶಕ್ತಿ ನಾರಾಯಣನ್ ಎಂಬ ಎಳೆಯ ತಮಿಳು ಹುಡುಗನಿಗೆ, ಬೆಂಗಳೂರಿನ ಮೀಸಲು ತಂಡದಿಂದ ಮೇಲೆ ಬಂದವನಿಗೆ, ರಾಯ್ ಕೃಷ್ಣ ಅವರ ಜೊತೆ ಮುಂಚೂಣಿಯ ಜಾಗ ಕೊಟ್ಟರು. ತಂಡ ಸತತ ಗೆಲುವುಗಳೊಂದಿಗೆ ಪ್ಲೇಆಫ್‌ಗೆ ಬಂತು. ಆ ಹುಡುಗ ಋತುವಿನ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದ. ಛೆಟ್ರಿಯವರು ಕೊನೆಯ ಅರ್ಧ ಗಂಟೆಗೆ ಬರುತ್ತಿದ್ದರು, ಎದುರಾಳಿ ಡಿಫೆಂಡರ್‌ಗಳ ಕಾಲು ಸೋತ ಹೊತ್ತಿನಲ್ಲಿ.

2023ರ ಮಾರ್ಚ್ 3ರ ರಾತ್ರಿ ಕೇರಳ ಬ್ಲಾಸ್ಟರ್ಸ್ ವಿರುದ್ಧದ ನಾಕೌಟ್ ಪಂದ್ಯ ನಿಮಗೆ ನೆನಪಿರಲೇಬೇಕು. ಹೆಚ್ಚುವರಿ ಅವಧಿ ಶುರುವಾಗಿ ಕೆಲವೇ ನಿಮಿಷಗಳಾಗಿದ್ದವು. ಬಾಕ್ಸ್‌ನ ಹೊರಗೆ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಗೋಲ್‌ಕೀಪರ್ ಪ್ರಭಸುಖನ್ ಗಿಲ್ ಇನ್ನೂ ಆಟಗಾರರನ್ನು ಸಾಲಾಗಿ ನಿಲ್ಲಿಸುತ್ತ ಗೋಲಿನ ಒಂದು ಬದಿಯಲ್ಲಿದ್ದರು. ಛೆಟ್ರಿ ಚೆಂಡಿನ ಪಕ್ಕದಲ್ಲಿ ನಿಂತವರು ರೆಫರಿಯ ಸೀಟಿಗೆ ಕಾಯದೆ, ಓಟವೂ ಇಲ್ಲದೆ, ಮೆಲ್ಲಗೆ ಎತ್ತಿ ಖಾಲಿ ಬಿದ್ದ ಗೋಲಿಗೆ ಹಾಕಿದರು. ರೆಫರಿ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ತಂಡವನ್ನು ಮೈದಾನದಿಂದ ಹೊರಕ್ಕೆ ಕರೆದರು, ಪಂದ್ಯ ಅಲ್ಲಿಗೇ ನಿಂತಿತು, ಬೆಂಗಳೂರು ಸೆಮಿಫೈನಲ್‌ಗೆ ಹೋಯಿತು. ಬ್ಲಾಸ್ಟರ್ಸ್‌ಗೆ ಆಮೇಲೆ ನಾಲ್ಕು ಕೋಟಿ ರೂಪಾಯಿ ದಂಡ ಬಿತ್ತು. ಅದು ಕ್ರೀಡಾಮನೋಭಾವವೋ ಅಲ್ಲವೋ ಎಂದು ಕೊಚ್ಚಿಯವರೂ ನಾವೂ ಇನ್ನೂ ಜಗಳವಾಡುತ್ತಿದ್ದೇವೆ, ಆಡಿಕೊಳ್ಳಲಿ. ನನಗೆ ಅಲ್ಲಿ ಕಾಣುವುದು, ಓಡುವ ಶಕ್ತಿ ತಗ್ಗಿದ ಆಟಗಾರ ನೋಡುವ ಶಕ್ತಿಯಿಂದ ಪಂದ್ಯ ಗೆದ್ದ ಬಗೆ. ಮುಂಬೈ ಸಿಟಿ ವಿರುದ್ಧದ ಮೊದಲ ಸೆಮಿಫೈನಲ್‌ನಲ್ಲೂ ಬದಲಿಯಾಗಿ ಬಂದು ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆ ಕೊಟ್ಟವರು ಅವರೇ. ಎತ್ತರ ಅವರದು ಸುಮಾರು ಐದೂವರೆ ಅಡಿ ಮಾತ್ರ. ಜಿಗಿಯುವ ಕ್ಷಣವನ್ನು ಆರಿಸಿಕೊಳ್ಳುವುದರಲ್ಲೇ ಅವರ ಹೆಡರ್‌ನ ಗುಟ್ಟಿದೆ, ಮತ್ತು ಆ ಗುಟ್ಟಿಗೆ ವಯಸ್ಸಾಗುವುದಿಲ್ಲ.

ಗ್ರೇಸನ್ ಅವರ ಕಷ್ಟ ಮುಂದಿನ ಋತುವಿನಲ್ಲಿ ಶುರುವಾಯಿತು. ಅದಕ್ಕೂ ಮೊದಲು, 2022–23ರ ಫಾತೋರ್ಡಾದ ಫೈನಲ್‌ನಲ್ಲಿ ಪಂದ್ಯ ಆರಂಭವಾಗುತ್ತಿದ್ದಂತೆ ಶಿವಶಕ್ತಿ ಗಾಯಗೊಂಡು ಹೊರಬಂದರು. ಪಂದ್ಯ 2–2ರಲ್ಲಿ ನಿಂತು ಪೆನಾಲ್ಟಿಗಳಲ್ಲಿ ಎಟಿಕೆ ಮೋಹನ್ ಬಾಗನ್ ಗೆದ್ದಿತು. 2023ರ ಡಿಸೆಂಬರ್‌ನಲ್ಲಿ ಗ್ರೇಸನ್ ಹೋದರು, ಆ ಋತುವಿನಲ್ಲಿ ಬೆಂಗಳೂರು 12 ತಂಡಗಳಲ್ಲಿ ಹತ್ತನೆಯದಾಯಿತು. ಅವರ ನಂತರ ಬಂದ ಜೆರಾರ್ಡ್ ಸರಗೋಸಾ ಅವರ ಕೈಯಲ್ಲಿ 2024–25ರಲ್ಲಿ ಛೆಟ್ರಿ ಮತ್ತೆ ಅರಳಿದರು. 2024ರ ಡಿಸೆಂಬರ್‌ನಲ್ಲಿ ಅದೇ ಬ್ಲಾಸ್ಟರ್ಸ್ ವಿರುದ್ಧ ಕಂಠೀರವದಲ್ಲಿ ಮೂರು ಗೋಲು, ಗೋವಾ ವಿರುದ್ಧ ಸೆಮಿಫೈನಲ್‌ನ ಕೊನೆಯ ಗಳಿಗೆಯ ಹೆಡರ್, ಎಲ್ಲವೂ ಸಂಭ್ರಮವೇ. ಫೈನಲ್‌ನಲ್ಲಿ ಮೋಹನ್ ಬಾಗನ್ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ 1–2 ಸೋಲು. ಆ ಸಂಭ್ರಮದ ನಡುವೆ ಶಿವಶಕ್ತಿ ಎಲ್ಲಿದ್ದರು ಎಂದು ಎಷ್ಟು ಅಭಿಮಾನಿಗಳು ಕೇಳಿದರು? ಛೆಟ್ರಿಯವರ 14 ಗೋಲುಗಳು ಗ್ರೇಸನ್ ಅವರನ್ನು ಸುಳ್ಳಾಗಿಸಲಿಲ್ಲ. ಗ್ರೇಸನ್ ತೆರೆದ ದಾರಿಯನ್ನು ಕ್ಲಬ್ ಮುಂದುವರಿಸಲಿಲ್ಲ ಎಂಬುದನ್ನು ಅವು ಮರೆಮಾಡಿದವು.

ಪ್ರಶ್ನೆ: ಗುರ್‌ಪ್ರೀತ್ ಸಿಂಗ್ ಸಂಧು ಅವರಿಗೂ ವಯಸ್ಸಾಯಿತು, ಅವರನ್ನೂ ಬಿಡಬೇಕು ಎನ್ನುತ್ತಾರೆ. ನಿಮ್ಮ ಅಭಿಪ್ರಾಯ?
(ಓದುಗರು, ದಾವಣಗೆರೆ)

ಉತ್ತರ: 1992ರಲ್ಲಿ ಹುಟ್ಟಿದ ಗೋಲ್‌ಕೀಪರ್‌ಗೆ ವಯಸ್ಸಾಯಿತು ಎನ್ನಲಾಗದು. ಇಟಲಿಯ ಡಿನೊ ಝಾಫ್ 1982ರಲ್ಲಿ ವಿಶ್ವಕಪ್ ಎತ್ತಿ ಹಿಡಿದಾಗ ಅವರಿಗೆ ನಲವತ್ತು. ಗುರ್‌ಪ್ರೀತ್ ಅವರನ್ನು ಬಿಡುವುದಾದರೆ ಕಾಲಿನಲ್ಲಿ ಚೆಂಡು ಆಡುವ ರೀತಿಯನ್ನೋ ಇತ್ತೀಚಿನ ತಪ್ಪುಗಳನ್ನೋ ಕಾರಣವಾಗಿ ಕೊಡಿ, ವಯಸ್ಸನ್ನು ಕೊಡಬೇಡಿ.

ಪ್ರಶ್ನೆ: ನಮ್ಮ ಕಾಲದ ಹಿರಿಯರು ರಹೀಮ್ ಸಾಹೇಬರ ಹೆಸರು ಹೇಳುತ್ತಿದ್ದರು. ಅವರು ಇಂದು ಇದ್ದಿದ್ದರೆ ನಲವತ್ತರ ಆಟಗಾರನನ್ನು ತಂಡದ ಹತ್ತಿರವೂ ಬಿಟ್ಟುಕೊಳ್ಳುತ್ತಿರಲಿಲ್ಲ ಎಂದು ನನ್ನ ನಂಬಿಕೆ. ಬೆಂಗಳೂರಿನ ಹುಡುಗರಿಗೆ ಆಗ ಸಿಗುತ್ತಿದ್ದ ಮರ್ಯಾದೆಯೂ ಈಗ ಇಲ್ಲ.
(ನಿವೃತ್ತ ನೌಕರರು, ಆಸ್ಟಿನ್ ಟೌನ್, ಬೆಂಗಳೂರು)

ಉತ್ತರ: ಭಾರತ ತಂಡದ ಕೋಚ್ ಆಗಿದ್ದ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಅವರನ್ನು ವಯಸ್ಸಿನ ಕಟ್ಟುನಿಟ್ಟಿನ ಕೋಚ್ ಎಂದು ನೆನೆಯುವುದು ಅವರಿಗೆ ನಾವು ಮಾಡುವ ಅನ್ಯಾಯ. 1962ರ ಜಕಾರ್ತಾ ಏಷ್ಯನ್ ಗೇಮ್ಸ್ ಅನ್ನೇ ತೆಗೆದುಕೊಳ್ಳಿ. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾಕ್ಕೆ 0–2ರಿಂದ ಸೋಲು. ಥಾಯ್ಲೆಂಡ್ ವಿರುದ್ಧ ಗೆದ್ದರೂ ಡಿಫೆಂಡರ್ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಬೇರೆ ಯಾರೇ ಆದರೂ ಅವರನ್ನು ಊರಿಗೆ ಕಳಿಸುತ್ತಿದ್ದರು. ರಹೀಮ್ ಅವರು ಸೆಮಿಫೈನಲ್‌ನಲ್ಲಿ ಆ ಡಿಫೆಂಡರ್‌ನನ್ನು ಸೆಂಟರ್ ಫಾರ್ವರ್ಡ್ ಆಗಿ ನಿಲ್ಲಿಸಿದರು. ಜರ್ನೈಲ್ ಅಲ್ಲೂ ಗೋಲು ಹೊಡೆದರು, ಫೈನಲ್‌ನಲ್ಲೂ ಹೊಡೆದರು. ಫೈನಲ್‌ನ ಹೊತ್ತಿಗೆ ಮತ್ತೊಂದು ತೀರ್ಮಾನ ಕಾದಿತ್ತು. ಹಿರಿಯ ಗೋಲ್‌ಕೀಪರ್ ಪೀಟರ್ ತಂಗರಾಜ್ ಜ್ವರದಿಂದ ಮಲಗಿದ್ದಾಗ ಪ್ರದ್ಯುತ್ ಬರ್ಮನ್ ಗೋಲು ಕಾಯುತ್ತ ಬಂದಿದ್ದರು. ಗೆದ್ದು ಬರುತ್ತಿರುವ ತಂಡವನ್ನು ಕದಲಿಸಬಾರದು ಎಂಬುದು ಆಟದ ಹಳೆಯ ನಂಬಿಕೆ. ರಹೀಮ್ ಅದನ್ನು ಬದಿಗಿಟ್ಟು, ಎತ್ತರದ ಕೊರಿಯನ್ನರ ಎದುರು ಎತ್ತರದ ತಂಗರಾಜ್ ಅವರನ್ನೇ ಮತ್ತೆ ತಂದರು. ಸೆಪ್ಟೆಂಬರ್ 4ರಂದು ಭಾರತ 2–1ರಿಂದ ಗೆದ್ದು ಚಿನ್ನ ಪಡೆಯಿತು. ಇನ್ನೊಂದು ಗೋಲು ಪಿ.ಕೆ. ಬ್ಯಾನರ್ಜಿಯವರದು.

ಈ ತಂಗರಾಜ್, ಪಿ.ಕೆ. ಮತ್ತು ತುಳಸೀದಾಸ ಬಲರಾಮ್ ಮೂವರೂ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಗಳಿಸಿದ ತಂಡದಲ್ಲಿದ್ದವರು. ಅವರ ಸುತ್ತ ಚುನಿ ಗೋಸ್ವಾಮಿ, ಜರ್ನೈಲ್, ಯೂಸುಫ್ ಖಾನ್, ಬೆಂಗಳೂರಿನ ಅರುಮೈನಾಯಗಂ ಮೊದಲಾದ ಕಿರಿಯರನ್ನು ರಹೀಮ್ ಸೇರಿಸಿಕೊಂಡಿದ್ದರು. ಹಳಬರನ್ನು ಒಟ್ಟಿಗೆ ಕೈಬಿಡದೆ, ಹೊಸಬರನ್ನು ಒಟ್ಟಿಗೆ ನೂಕದೆ ಆರು ವರ್ಷಗಳಲ್ಲಿ ತಂಡವನ್ನು ತುಂಡು ತುಂಡಾಗಿ ಬದಲಿಸಿದ ಆ ಕೌಶಲ ನಮ್ಮಲ್ಲಿ ಆಮೇಲೆ ಕಾಣಲಿಲ್ಲ. ಛೆಟ್ರಿಯವರ ವಿಷಯದಲ್ಲಿ ಅವರು ಏನು ಮಾಡುತ್ತಿದ್ದರೋ ನಾನು ಊಹಿಸಲಾರೆ. ಆದರೆ ಛೆಟ್ರಿಗೆ ಮೂವತ್ತೆರಡು ತುಂಬುವ ಮೊದಲೇ ಅವರ ಪಕ್ಕದಲ್ಲಿ ಇನ್ನೊಬ್ಬನನ್ನು ನಿಲ್ಲಿಸುತ್ತಿದ್ದರು ಎನ್ನಬಲ್ಲೆ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಆ ತಂಡದಲ್ಲೇ ಇದೆ. 1962ರ ನಾಯಕ ಚುನಿ ಗೋಸ್ವಾಮಿ 1964ರಲ್ಲಿ, ಇನ್ನೂ ಇಪ್ಪತ್ತಾರರ ಆಸುಪಾಸಿನಲ್ಲಿರುವಾಗ, ಅಂತರರಾಷ್ಟ್ರೀಯ ಆಟದಿಂದ ನಿವೃತ್ತರಾದರು. ಮುಂದೆ ಬಂಗಾಳದ ರಣಜಿ ಕ್ರಿಕೆಟ್ ತಂಡಕ್ಕೂ ನಾಯಕರಾದರು. ಬೇಗ ಹೋದದ್ದಕ್ಕೆ ಆಗ ಜನ ಗೊಣಗಿದರು, ತಡವಾಗಿ ಉಳಿದದ್ದಕ್ಕೆ ಈಗ ಗೊಣಗುತ್ತಾರೆ.

ಬೆಂಗಳೂರಿನ ಹುಡುಗರ ಮಾತಿಗೆ ಬರುವುದಾದರೆ, ತಮ್ಮ ನೆನಪು ಸುಳ್ಳಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್, ಈಸ್ಟ್ ಬೆಂಗಾಲ್‌ನ ಪಂಚಪಾಂಡವರೆಂದು ಹೆಸರಾದ ಐವರು ಫಾರ್ವರ್ಡ್‌ಗಳಲ್ಲಿ ಒಬ್ಬರಾಗಿ ಮೆರೆದ ಅಹಮದ್ ಖಾನ್, ಮೆಲ್ಬರ್ನ್‌ಗೆ ಹೋದ ಕೆಂಪಯ್ಯ, ಇವರೆಲ್ಲ ಈ ಊರಿನವರೇ. ಮೈಸೂರು ತಂಡ 1968–69ರ ಹೊತ್ತಿಗೆ ನಾಲ್ಕು ಬಾರಿ ರಾಜ್ಯ ತಂಡಗಳ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತ್ತು. ಅದಾಗಿ 54 ವರ್ಷಗಳ ಮೇಲೆ, 2023ರ ಮಾರ್ಚ್‌ನಲ್ಲಿ, ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿ ಮತ್ತೆ ಗೆದ್ದಾಗ ನಗರದಲ್ಲಿ ಎಷ್ಟು ಜನರಿಗೆ ಗೊತ್ತಾಯಿತು? ಹಿಂದೆ ಸಂತೋಷ್ ಟ್ರೋಫಿಯಲ್ಲಿ ಮಿಂಚಿದವರು ನೇರವಾಗಿ ಭಾರತ ತಂಡದ ಆಯ್ಕೆಗಾರರ ಕಣ್ಣಿಗೆ ಬೀಳುತ್ತಿದ್ದರು. ಈಗ ಐಎಸ್‌ಎಲ್ ಆಟಗಾರರು ಅಲ್ಲಿ ಆಡುವುದೇ ಅಪರೂಪ, ರಾಷ್ಟ್ರೀಯ ಕೋಚ್ ಅತ್ತ ನೋಡುವುದೂ ಅಪರೂಪ.

ಪ್ರಶ್ನೆ: ಭಾರತ ತಂಡದ ಕೋಚ್‌ಗಳಾಗಿದ್ದ ಬಾಬ್ ಹೌಟನ್, ಸ್ಟೀಫನ್ ಕಾನ್‌ಸ್ಟಂಟೈನ್, ಇಗೊರ್ ಸ್ಟಿಮಾಚ್ ಈ ಮೂವರಲ್ಲಿ ಯಾರ ಅವಧಿಯನ್ನು ನೀವು ಉತ್ತಮ ಎನ್ನುತ್ತೀರಿ? ನಾವು ಗೆಳೆಯರು ಇದರ ಬಗ್ಗೆ ಬಹಳ ವಾದಿಸಿದ್ದೇವೆ. ಮನೋಲೊ ಮಾರ್ಕೆಜ್ ಬಗ್ಗೆಯೂ ನಿಮ್ಮ ಅಭಿಪ್ರಾಯ ತಿಳಿಸಿ.
(ಕನ್ನಡ ಸಂಘದ ಸದಸ್ಯರು, ದುಬೈ)

ಉತ್ತರ: ಟ್ರೋಫಿಯನ್ನು ಎಣಿಸಿದರೆ ಸ್ಟಿಮಾಚ್ ಮತ್ತು ಹೌಟನ್ ನಡುವೆ ಪೈಪೋಟಿ ನಡೆಯುತ್ತದೆ. ಕೋಚ್ ಹೋದ ಮೇಲೆ ತಂಡದಲ್ಲಿ ಏನು ಉಳಿಯಿತು ಎಂದು ಕೇಳಿದರೆ ನನ್ನ ಉತ್ತರ ಕಾನ್‌ಸ್ಟಂಟೈನ್, ಅವರ ಆಟ ನೋಡಲು ಅಷ್ಟೇನೂ ಸೊಗಸಾಗಿರಲಿಲ್ಲವಾದರೂ.

ಹೌಟನ್ ಅವರು 2007 ಮತ್ತು 2009ರ ನೆಹರೂ ಕಪ್ ಗೆಲ್ಲಿಸಿದರು. 2008ರ ಎಎಫ್‌ಸಿ ಚಾಲೆಂಜ್ ಕಪ್‌ನ ಫೈನಲ್‌ನಲ್ಲಿ ತಜಕಿಸ್ತಾನದ ವಿರುದ್ಧ ಛೆಟ್ರಿ ಮೂರು ಗೋಲು ಹೊಡೆದ ಪಂದ್ಯ ಅವರ ಕಾಲದ್ದೇ, ಮತ್ತು ಅದರ ಫಲವಾಗಿ ಭಾರತ 1984ರ ನಂತರ ಮೊದಲ ಬಾರಿಗೆ 2011ರ ಏಷ್ಯನ್ ಕಪ್ ಆಡಿತು. ಆ ಟೂರ್ನಿಗೆ ಅವರು ಗಾಯದಿಂದ ಪೂರ್ತಿ ಚೇತರಿಸಿಕೊಳ್ಳದ ಬೈಚುಂಗ್ ಭುಟಿಯಾ ಅವರನ್ನು ಕರೆದೊಯ್ದರು. ಭುಟಿಯಾ ಆಡಿದ್ದು ಮೂರನೇ ಪಂದ್ಯದ ಕೊನೆಯ ಭಾಗವನ್ನಷ್ಟೇ. ಆಸ್ಟ್ರೇಲಿಯಾ 4–0, ಬಹರೇನ್ 5–2, ದಕ್ಷಿಣ ಕೊರಿಯಾ 4–1, ಮೂರೂ ಸೋಲು. ತಿಂಗಳುಗಟ್ಟಲೆ ಶಿಬಿರ ನಡೆಸಿ ಒಂದೇ ಗುಂಪನ್ನು ಕಾಪಾಡಿಕೊಂಡು ಬಂದ ಹೌಟನ್ ಹೋಗುತ್ತಿದ್ದಂತೆ ಆ ಗುಂಪೂ ಕರಗಿತು. ಅವರು ಹಳಬರನ್ನಷ್ಟೇ ನಂಬಿದರು ಎಂಬ ದೂರು ಮಾತ್ರ ಪೂರ್ತಿ ನಿಜವಲ್ಲ. ಎಳೆಯರಿಗಾಗಿಯೇ ಇಂಡಿಯನ್ ಆರೋಸ್ ಎಂಬ ತಂಡ ಕಟ್ಟಿ ಐ-ಲೀಗ್‌ನಲ್ಲಿ ಆಡಿಸುವ ಯೋಜನೆಗೆ ಒತ್ತಾಸೆಯಾಗಿದ್ದವರು ಅವರೇ. ಜೆಜೆ ಲಾಲ್‌ಪೆಖ್ಲುವಾ ಬೆಳೆದದ್ದು ಅಲ್ಲಿ. 2019ರ ಏಷ್ಯನ್ ಕಪ್‌ನಲ್ಲಿ ಥಾಯ್ಲೆಂಡ್ ವಿರುದ್ಧ ಭಾರತ 4–1ರಿಂದ ಗೆದ್ದಾಗ ನಾಲ್ಕನೇ ಗೋಲು ಜೆಜೆ ಅವರದು. ಹೌಟನ್ ದೇಶ ಬಿಟ್ಟು ಎಂಟು ವರ್ಷಗಳಾಗಿದ್ದವು.

ಆ ಪಂದ್ಯ ಅಬುಧಾಬಿಯಲ್ಲಿ ನಡೆದದ್ದರಿಂದ ನಿಮ್ಮಲ್ಲಿ ಕೆಲವರು ನೋಡಿರಬಹುದು. ಛೆಟ್ರಿ ಎರಡು ಗೋಲು, ಅನಿರುದ್ಧ್ ಥಾಪಾ ಒಂದು. ಕಾನ್‌ಸ್ಟಂಟೈನ್ ಅವರು 2015ರಲ್ಲಿ ಎರಡನೇ ಬಾರಿ ಬಂದಾಗ ಭಾರತ ಫಿಫಾ ಪಟ್ಟಿಯಲ್ಲಿ 170ರ ಆಚೆ ಇತ್ತು. 2017ರ ಜುಲೈನಲ್ಲಿ 96ಕ್ಕೆ ಏರಿತು. ಸಂದೇಶ್ ಜಿಂಗನ್, ಪ್ರೀತಂ ಕೋಟಲ್, ಉದಾಂತ ಸಿಂಗ್, ಥಾಪಾ, ಇವರೆಲ್ಲರಿಗೂ ಮೊದಲ ಅವಕಾಶ ಕೊಟ್ಟವರು ಅವರು. ಬಹರೇನ್ ವಿರುದ್ಧ ಕೊನೆಯ ಗಳಿಗೆಯ ಪೆನಾಲ್ಟಿಯಿಂದ ಸೋತು ಗುಂಪು ಹಂತದಲ್ಲೇ ಹೊರಬಿದ್ದ ರಾತ್ರಿಯೇ ಅವರು ರಾಜೀನಾಮೆ ಕೊಟ್ಟರು. ಅವರ ನಂತರ ಬಂದ ಸ್ಟಿಮಾಚ್ 2023ರಲ್ಲಿ ಗೆದ್ದ ತಂಡದ ಬೆನ್ನೆಲುಬು ಬಹಳಷ್ಟು ಮಟ್ಟಿಗೆ ಕಾನ್‌ಸ್ಟಂಟೈನ್ ಬಿಟ್ಟುಹೋದದ್ದು.

ಸ್ಟಿಮಾಚ್ ಅವರ 2023 ಕಂಠೀರವದ ಜನರಿಗೆ ಮರೆಯಲಾಗದ ವರ್ಷ. ಜೂನ್ 21ರ ಮಳೆಯಲ್ಲಿ ಪಾಕಿಸ್ತಾನದ ವಿರುದ್ಧ ಮೂವತ್ತೆಂಟರ ಛೆಟ್ರಿ ಮೂರು ಗೋಲು ಹೊಡೆದರು. ಕೋಚ್ ಸಾಹೇಬರು ಎದುರಾಳಿ ಆಟಗಾರ ಥ್ರೋ ಎಸೆಯಲು ಹಿಡಿದಿದ್ದ ಚೆಂಡನ್ನು ಕೈಯಿಂದ ತಪ್ಪಿಸಿ ಕೆಂಪು ಕಾರ್ಡ್ ಪಡೆದರು. ಕುವೈತ್ ವಿರುದ್ಧ ಮತ್ತೊಂದು. ದಕ್ಷಿಣ ಏಷ್ಯಾ ತಂಡಗಳ ಆ ಸ್ಯಾಫ್ ಟೂರ್ನಿಯ ಫೈನಲ್‌ನ ಶೂಟೌಟ್‌ನಲ್ಲಿ ಗುರ್‌ಪ್ರೀತ್ ಕೊನೆಯ ಹೊಡೆತ ತಡೆದಾಗ ಕ್ರೀಡಾಂಗಣ ಎದ್ದು ನಿಂತಿತು. ಆರು ತಿಂಗಳ ನಂತರ ಅದೇ ತಂಡ ಏಷ್ಯನ್ ಕಪ್‌ನಲ್ಲಿ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ ಮೂರರ ಎದುರೂ ಒಂದು ಗೋಲೂ ಹೊಡೆಯದೆ ಸೋತಿತು. ಲೀಗ್‌ನಲ್ಲಿ ಭಾರತೀಯ ಸ್ಟ್ರೈಕರ್‌ಗಳು ಆಡುವುದಿಲ್ಲ ಎಂಬ ಸ್ಟಿಮಾಚ್ ಅವರ ದೂರು ಸರಿಯೇ. ಆದರೆ ಐದು ವರ್ಷ ಕೋಚ್ ಆಗಿದ್ದವರು, ಸೌಹಾರ್ದ ಪಂದ್ಯಗಳಲ್ಲಾದರೂ ಛೆಟ್ರಿಯವರನ್ನು ಹೊರಗಿಟ್ಟು ಬೇರೊಬ್ಬರಿಗೆ ಸತತವಾಗಿ ಆ ಜಾಗ ಕೊಡಬಹುದಾಗಿತ್ತು. ಫಲಿತಾಂಶದ ಭಯ ಅದಕ್ಕೆ ಬಿಡಲಿಲ್ಲ ಎಂದು ನನಗೆ ತೋರುತ್ತದೆ. 2024ರ ಜೂನ್‌ನಲ್ಲಿ ಅವರನ್ನು ವಜಾ ಮಾಡಿದಾಗ ಅವರ ಹಿಂದೆ ಉಳಿದದ್ದು ಟ್ರೋಫಿಗಳು ಮತ್ತು ಖಾಲಿಯಾದ ಒಂಬತ್ತನೇ ನಂಬರಿನ, ಅಂದರೆ ಸ್ಟ್ರೈಕರ್‌ನ, ಜಾಗ.

ಮನೋಲೊ ಮಾರ್ಕೆಜ್ ಅವರ ಬಗ್ಗೆಯೂ ನೀವು ಕೇಳಿದ್ದೀರಿ. ಎಫ್‌ಸಿ ಗೋವಾ ಮತ್ತು ಭಾರತ ಎರಡನ್ನೂ ಒಬ್ಬರ ಹೆಗಲಿಗೇರಿಸಿದ ವ್ಯವಸ್ಥೆಯಿಂದ ಹೆಚ್ಚಿನದನ್ನು ನಿರೀಕ್ಷಿಸಬಾರದಿತ್ತು. ಒಂದು ವರ್ಷದಲ್ಲಿ ಒಂದೇ ಗೆಲುವಿನೊಂದಿಗೆ ಅವರು ಹೋದರು.

ಪ್ರಶ್ನೆ: ಹಾಗಾದರೆ ಛೆಟ್ರಿಯವರು ಬೆಂಗಳೂರು ಎಫ್‌ಸಿ ಪರವಾದರೂ ಆಡಬಹುದೇ, ಅಲ್ಲಿಂದಲೂ ಹೊರಡಬೇಕೇ?
(ಗೃಹಿಣಿ, ಮೈಸೂರು)

ಉತ್ತರ: ಆಡಲಿ. ಕ್ಲಬ್ಬಿನ ಜಾಗವನ್ನು ಕ್ಲಬ್ಬಿನ ಗೋಲುಗಳಿಂದಲೇ ಗಳಿಸಬೇಕು. ಅವರು ಗಳಿಸುತ್ತಿರುವಷ್ಟು ದಿನ ಯಾರ ಅಪ್ಪಣೆಯೂ ಬೇಕಿಲ್ಲ. ನನ್ನದೊಂದೇ ಷರತ್ತು: ಅವರು ಆಡುವ ಪಂದ್ಯಗಳಲ್ಲಿ ಕೊನೆಯ ಇಪ್ಪತ್ತೈದು ನಿಮಿಷ, ಮತ್ತು ಅವರು ಬೆಂಚಿನಲ್ಲಿರುವ ಪಂದ್ಯಗಳಲ್ಲಿ ಮೊದಲ ಅರವತ್ತೈದು ನಿಮಿಷ, ನಡುಮಧ್ಯದ ಜಾಗದಲ್ಲಿ ಒಬ್ಬ ಭಾರತೀಯ ಹುಡುಗ ಇರಬೇಕು, ಅಂಚಿನಲ್ಲಲ್ಲ. ಅದನ್ನು ಛೆಟ್ರಿಯವರು ತೀರ್ಮಾನಿಸಲಾಗದು, ಕೋಚ್ ತೀರ್ಮಾನಿಸಬೇಕು. ಮುಂದಿನ ಪಂದ್ಯಕ್ಕೆ ಹೋದಾಗ ತಂಡದ ಪಟ್ಟಿಯಲ್ಲಿ ನೀವು ಮೊದಲು ನೋಡಬೇಕಾದ ಹೆಸರು ಆ ಹುಡುಗನದು.